ಯಂತ್ರಲಿಪಿಯ ಪಾಠಶೋಧನೆ: ಕಡೆದ ಕಂಬಗಳ ಪ್ರತಿಕೃತಿಯನ್ನು ಕುರಿತ ಒಂದು ವಿಮರ್ಶೆ

1

ಕಲ್ಯಾಣದ ಚಾಳುಕ್ಯರ ಕಾಲದ ದೇವಾಲಯಗಳನ್ನು ಕುರಿತು ಬರೆದ ವಿದ್ವಾಂಸರು ಅವುಗಳ ಮಂಟಪಗಳಲ್ಲಿನ ಕಡೆದ ಕಂಬಗಳನ್ನು ಗಮನಿಸದೆ ಮುಂದೆ ಸಾಗಿದ್ದು ವಿರಳ. ನಯವಾದ ಬಳಪದ ಕಲ್ಲನ್ನು ತಿರುಗಿಸಿ ಕಡೆದು ಬಳೆ, ಗಂಟೆ, ಕುಂಭ ಮೊದಲಾದ ಆಕಾರಗಳನ್ನು ಎಬ್ಬಿಸಿರುವ ಈ ಕಂಬಗಳು ಆ ಕಾಲದ ವಾಸ್ತುಶಿಲ್ಪದ ಗುರುತೆಂದೇ ಪರಿಗಣಿತವಾಗಿವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಸುತ್ತಣ ನಾಡು ಇಂಥ ಗುಡಿಗಳ ನೆಲೆವೀಡು. ತುಂಗಭದ್ರೆಯ ತೀರದ ಕುರುವತ್ತಿ, ಹರಪನಹಳ್ಳಿಯ ಬಳಿಯ ಬಾಗಳಿ ಮತ್ತು ನೀಲಗುಂದ, ಹಡಗಲಿಯ ಕಡೆಯ ಹಿರೇಹಡಗಲಿ ಮತ್ತು ಮಾಗಳ, ಕೊಟ್ಟೂರಿನ ಸಮೀಪದ ಅಂಬಳಿ, ಇವು ಶಿಲ್ಪದ ಅಭ್ಯಾಸಿಗಳಿಗೆಲ್ಲ ಪರಿಚಿತವಾದ ಹೆಸರುಗಳು. 1953ರ ತನಕ ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಭಾಗ, 2021ರಿಂದ ವಿಜಯನಗರ ಜಿಲ್ಲೆಯ ಅಂಗವಾಗಿದೆ; ನಡುವೆ ಹರಪನಹಳ್ಳಿ ಮಾತ್ರ ಕೆಲವು ವರ್ಷ ದಾವಣಗೆರೆ ಜಿಲ್ಲೆಯಲ್ಲಿದ್ದಿತು.

ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದಲೇ ಈ ಗುಡಿಗಳ ಅಳತೆಯ ಪಟಗಳು ಮೊದಲಿಗೆ ಮದರಾಸಿನಲ್ಲಿ ಅಚ್ಚಾದುವು. ಅಲೆಕ್ಸಾಂಡರ್ ರೀ ಅವರು ಬಳ್ಳಾರಿ ಜಿಲ್ಲೆಯ ಚಾಳುಕ್ಯ ವಾಸ್ತುವನ್ನು ಕುರಿತು 1896ರಲ್ಲಿ ಪ್ರಕಟಿಸಿದ ಗ್ರಂಥವೇ ಆ ಆಕರ. ಅದು ಅಡಿ ಮತ್ತು ಅಂಗುಲಗಳ ಕಾಲದ ಗ್ರಂಥ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದಕ್ಕೆ ಪ್ರಯೋಜನವುಂಟು.

ಇಂದು ಇಂಥ ಪಟವೊಂದರಿಂದ ಕಂಬದ ಹೊರರೇಖೆಯನ್ನು ಗಣಕಕ್ಕೆ ಇಳಿಸಿ, ಗಣಕದ ನೆರವಿನ ತಯಾರಿಕೆಯ ತಂತ್ರಾಂಶದಿಂದ, ಎಂದರೆ ವಾಡಿಕೆಯಲ್ಲಿ ಕ್ಯಾಮ್ ಎಂದು ಕರೆಯುವುದರಿಂದ, ಯಂತ್ರಕ್ಕೆ ಬೇಕಾದ ಆಜ್ಞೆಗಳನ್ನು ಹೊರತೆಗೆದು, ಮರದಲ್ಲಾಗಲಿ ಕಲ್ಲಿನಲ್ಲಾಗಲಿ ಪ್ರತಿಕೃತಿಯನ್ನು ಕಡೆಯಿಸುವುದು ಸಾಧ್ಯವಾಗಿದೆ. ಹೀಗೆ ಹೊರಬರುವ ಆಜ್ಞೆಗಳ ಪಟ್ಟಿಯನ್ನು ಈ ಲೇಖನದಲ್ಲಿ ಯಂತ್ರಲಿಪಿ ಎಂದು ಕರೆದಿದೆ. ತೆರೆಯ ಮೇಲೆ ಸುಂದರವಾಗಿ ಕಂಡ ಕಂಬ ಹೊರತೆಗೆಯುವ ಹಂತದಲ್ಲಿ ಕೆಡುತ್ತದೆ ಎಂಬುದು ಈ ಕೆಲಸದಲ್ಲಿ ತೊಡಗಿದವರ ಸಾಮಾನ್ಯವಾದ ದೂರು. ಕಡತವೇ ಹುಟ್ಟುವುದಿಲ್ಲ, ಹುಟ್ಟಿದರೆ ಯಂತ್ರ ಅದನ್ನು ಓದುವುದಿಲ್ಲ, ಓದಿದರೆ ಬೇರೆ ಏನನ್ನೋ ಕಡೆಯುತ್ತದೆ. ಈ ದೋಷಗಳಿಗೆ ಹೇಳಲಾಗುವ ಪರಿಹಾರಗಳು ಬಿಡಿಬಿಡಿಯಾದ ಕೈಮದ್ದುಗಳು. ಅವುಗಳ ಹಿಂದೆ ಒಂದು ಕ್ರಮವಿಲ್ಲ. ಅಂಥ ಕ್ರಮವೊಂದು ನಮ್ಮ ಗ್ರಂಥಸಂಪಾದನ ಶಾಸ್ತ್ರದಲ್ಲಿ ಆಗಲೇ ಸಿದ್ಧವಾಗಿದೆ ಎಂಬುದನ್ನು ತೋರಿಸಿ, ಈಗ ರೂಢಿಯಲ್ಲಿರುವ ತಿದ್ದುಪಡಿಯ ವಿಧಾನವನ್ನು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಯಂತ್ರಲಿಪಿಯ ಚರಿತ್ರೆಯನ್ನು ಸ್ಥೂಲವಾಗಿ ಅರಿಯದೆ ಅದರ ದೋಷಗಳು ತಿಳಿಯವು. ಸಂಖ್ಯೆಗಳಿಂದ ನಡೆಯುವ ಕೊರೆಯುವ ಯಂತ್ರವನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1952ರಲ್ಲಿ ಪ್ರದರ್ಶಿಸಲಾಯಿತು. ಆಜ್ಞೆಗಳು ಆಗ ತೂತು ಹೊಡೆದ ಪಟ್ಟಿಯ ಮೇಲಿದ್ದುವು. ಆ ದಶಕದ ಕೊನೆಯ ಹೊತ್ತಿಗೆ ಅದೇ ಸಂಸ್ಥೆಯಲ್ಲಿ ಡಗ್ಲಸ್ ರಾಸ್ ಅವರ ಮುಂದಾಳುತನದಲ್ಲಿ ಆಪ್ಟ್ ಎಂಬ ಭಾಷೆ ರೂಪುಗೊಂಡಿತು. ಇದರಲ್ಲಿ ಕೆಲಸವನ್ನು ಎರಡಾಗಿ ಒಡೆದರು. ಉಳಿ ಯಾವ ಹಾದಿಯಲ್ಲಿ ಚಲಿಸಬೇಕೆಂಬ ಲೆಕ್ಕ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದದ್ದು. ಆ ಹಾದಿಯನ್ನು ನಿರ್ದಿಷ್ಟ ಯಂತ್ರವೊಂದಕ್ಕೆ ಅರ್ಥವಾಗುವಂತೆ ಬರೆದುಕೊಡುವುದು ಮತ್ತೊಂದು ಕಾರ್ಯಕ್ರಮದ ಹೊಣೆ. ಈ ಎರಡನೆಯದೇ ಪೋಸ್ಟ್ ಪ್ರೊಸೆಸರ್. ಕಾರ್ಖಾನೆಯ ಮಾತಿನಲ್ಲಿ ಅದು ಬರಿಯ ಪೋಸ್ಟ್.

ಇಂಥ ವಿಭಾಗ ಬೇಕಾದದ್ದೇಕೆ? ಯಂತ್ರಗಳ ನಿಯಂತ್ರಕಗಳೆಲ್ಲ ಒಂದೇ ಭಾಷೆಯನ್ನಾಡುತ್ತಿದ್ದರೂ ಒಂದೇ ಬಗೆಯಾಗಿ ಆಡುವುದಿಲ್ಲ. ಅಮೆರಿಕದ ಆರ್‌ಎಸ್ 274 ಎಂಬ ನಿಯಮಾವಳಿ, 1982ರ ಅಂತಾರಾಷ್ಟ್ರೀಯ ಮಾನಕ ಐಎಸ್ಒ 6983, ಇವು ಸಾಮಾನ್ಯ ವ್ಯಾಕರಣವನ್ನು ಕಟ್ಟಿಕೊಟ್ಟುವು. ಆದರೆ ತಯಾರಕರು ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ಅದನ್ನು ಹಿಗ್ಗಿಸಿದರು. ಆದುದರಿಂದ ಹರಪನಹಳ್ಳಿಯ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವಂಥ ಭೇದ ಒಂದು ನಿಯಂತ್ರಕಕ್ಕೂ ಇನ್ನೊಂದಕ್ಕೂ ಉಳಿದುಕೊಂಡಿತು. ನಮ್ಮ ರಾಜ್ಯದಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಬೆಂಗಳೂರಿನಲ್ಲಿ ನೆಲೆಗೊಂಡ ಮೇಲೆ ಯಂತ್ರೋಪಕರಣಗಳ ವಿದ್ಯೆ ಇಲ್ಲಿಯೂ ಬೇರೂರಿತು. ಉಪಭಾಷೆಗಳ ತೊಡಕೂ ಅದರೊಡನೆ ಬಂದಿತು.

3

ಶಾಸನವೊಂದು ಕಲ್ಲಿಗೇರುವ ಬಗೆಯನ್ನು ಇದರೊಡನೆ ಹೋಲಿಸಬಹುದು. ಕವಿ ಪಾಠವನ್ನು ರಚಿಸುತ್ತಾನೆ, ಲಿಪಿಕಾರ ಅದನ್ನು ಬರೆಯುತ್ತಾನೆ, ರೂವಾರಿ ಕಂಡರಿಸುತ್ತಾನೆ. ಅನೇಕ ಶಾಸನಗಳ ಕೊನೆಯಲ್ಲಿ ಈ ಕೈಗಳ ಹೆಸರು ಬೇರೆಬೇರೆಯಾಗಿಯೇ ಬರುತ್ತದೆ. ಪಾಠದಲ್ಲಿ ದೋಷ ಕಂಡಾಗ ಸಂಪಾದಕನಾದವನು ಕೇಳಬೇಕಾದ ಮೊದಲ ಪ್ರಶ್ನೆ, ಇದು ಯಾರ ಕೈಯ ದೋಷ ಎಂಬುದು. ಛಂದಸ್ಸು ಕೆಟ್ಟಿದ್ದರೆ ಒಂದು ತೀರ್ಮಾನ, ಅಕ್ಷರ ಲೋಪವಾಗಿದ್ದರೆ ಇನ್ನೊಂದು, ಕಲ್ಲು ಚಕ್ಕೆಯೆದ್ದಿದ್ದರೆ ಮತ್ತೊಂದು. ಡಿ.ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟವಾದ ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಈ ಶಾಸ್ತ್ರವನ್ನು ಕನ್ನಡಕ್ಕೆ ಅಳವಡಿಸಿಕೊಟ್ಟಿದ್ದಾರೆ. ನಮ್ಮ ಈ ತಾಲೂಕುಗಳ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 9ನೆಯ ಸಂಪುಟದ ಮೊದಲನೆಯ ಭಾಗದಲ್ಲಿ, ಆರ್. ಶಾಮಾಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾಯರ ಸಂಪಾದಕತ್ವದಲ್ಲಿ 1939ರಲ್ಲಿ ಹೊರಬಂದುವು. ಅವುಗಳನ್ನು ಬಳಸುವ ಇತಿಹಾಸದ ವಿದ್ಯಾರ್ಥಿ, ಸಂದೇಹ ಬಂದೆಡೆ ಪಡಿಯಚ್ಚಿಗೆ ಹಿಂದಿರುಗಬೇಕೆಂಬ ಶಿಸ್ತನ್ನು ಕಲಿತಿರುತ್ತಾನೆ.

ಯಂತ್ರಲಿಪಿಯಲ್ಲಿ ಕವಿಯ ಸ್ಥಾನದಲ್ಲಿರುವುದು ಹೊರರೇಖೆ ಮತ್ತು ಅದರಿಂದ ಲೆಕ್ಕ ಹಾಕಿದ ಉಳಿಯ ಹಾದಿ. ಲಿಪಿಕಾರನ ಸ್ಥಾನದಲ್ಲಿರುವುದು ಪೋಸ್ಟ್. ರೂವಾರಿಯ ಸ್ಥಾನದಲ್ಲಿರುವುದು ನಿಯಂತ್ರಕ ಮತ್ತು ಲೇತ್. ಹೊರತೆಗೆಯುವಾಗ ತಲೆದೋರುವ ದೋಷಗಳಲ್ಲಿ ಬಹುಭಾಗ ಲಿಪಿಕಾರನವು. ಎಂದರೆ, ಮಾತೃಕೆ ಸರಿಯಾಗಿದ್ದು ಪ್ರತಿ ತಪ್ಪಿದಂಥವು.

4

ದೋಷದ ಸ್ವರೂಪವೇ ಅದರ ಮೂಲವನ್ನು ಹೇಳುತ್ತದೆ ಎಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸಬಹುದು. ವಾದಕ್ಕಾಗಿ ಒಂದು ಕಂಬವನ್ನು ಕಲ್ಪಿಸಿಕೊಳ್ಳೋಣ: ಎತ್ತರ 96 ಅಂಗುಲ, ಅತಿ ದಪ್ಪವಾದೆಡೆ ವ್ಯಾಸ 18 ಅಂಗುಲ. ಅದರ ನಾಲ್ಕನೆಯ ಒಂದರಷ್ಟು ಅಳತೆಯ ಮರದ ಮಾದರಿ ಬೇಕಾಗಿದೆ. ಎತ್ತರ 24 ಅಂಗುಲ, ಎಂದರೆ 609.6 ಮಿಲಿಮೀಟರು, ವ್ಯಾಸ 4.5 ಅಂಗುಲ, ಎಂದರೆ 114.3 ಮಿಲಿಮೀಟರು.

ಕಡತವೇ ಹುಟ್ಟದಿರುವುದು ಮೊದಲನೆಯ ಪ್ರಕರಣ. ಇಲ್ಲಿ ಲಿಪಿಕಾರನನ್ನು ದೂರುವ ಮುನ್ನ ಮಾತೃಕೆ ಪೂರ್ಣವಾಗಿದೆಯೇ ಎಂದು ನೋಡಬೇಕು. ಹೊರರೇಖೆಯನ್ನು ತಿದ್ದಿದ ಮೇಲೆ ಉಳಿಯ ಹಾದಿಯನ್ನು ಮತ್ತೆ ಲೆಕ್ಕ ಹಾಕಿಸದಿದ್ದರೆ ಹಳೆಯ ಹಾದಿ ಅಸಿಂಧುವಾಗಿ, ತಂತ್ರಾಂಶ ಬರೆಯಲು ನಿರಾಕರಿಸುತ್ತದೆ. ಪೋಸ್ಟನ್ನು ಆರಿಸದಿರುವುದು, ಕಡತವನ್ನು ಇರಿಸಬೇಕಾದ ಕೋಶದಲ್ಲಿ ಬರೆಯಲು ಅನುಮತಿಯಿಲ್ಲದಿರುವುದು, ಇವೂ ಕಾರಣಗಳಾಗಬಹುದು. ಇವು ಮೂಢದೋಷಗಳು; ಬೇಗ ಸಿಕ್ಕುತ್ತವೆ.

ಯಂತ್ರ ಓದದಿರುವುದು ಎರಡನೆಯದು. ಶಾಸನ ಸ್ವಸ್ತಿಯಿಂದ ತೊಡಗಿ ಮಂಗಳ ಮಹಾಶ್ರೀಯಲ್ಲಿ ಮುಗಿಯುವಂತೆ, ಅನೇಕ ನಿಯಂತ್ರಕಗಳಲ್ಲಿ ಯಂತ್ರಲಿಪಿಯ ಆದಿಯಲ್ಲೂ ಅಂತ್ಯದಲ್ಲೂ ಶೇಕಡಾ ಚಿಹ್ನೆ ಇರಬೇಕು. ಅದರ ಮುಂದೆ ಓ ಅಕ್ಷರ ಮತ್ತು ನಾಲ್ಕು ಅಂಕಿಗಳ ಕ್ರಮಸಂಖ್ಯೆ ಇರಬೇಕು. ಇವಿಲ್ಲದ ಕಡತವನ್ನು ಅಂಥ ನಿಯಂತ್ರಕ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹಳೆಯ ನಿಯಂತ್ರಕಗಳಲ್ಲಿ ಅನೇಕವು ರೋಮನ್ ಲಿಪಿಯ ದೊಡ್ಡಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳನ್ನಲ್ಲದೆ ಬೇರೇನನ್ನೂ ಅರಿಯವು. ನಮ್ಮವರಾರಾದರೂ ಅಭಿಮಾನದಿಂದ ಕಡತಕ್ಕೆ ಕುರುವತ್ತಿ ಎಂದು ಕನ್ನಡದಲ್ಲಿ ಹೆಸರಿಟ್ಟರೆ, ಇಲ್ಲವೆ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದರೆ, ಕಂಬದ ಗಣಿತವೆಲ್ಲ ಸರಿಯಿದ್ದೂ ಯಂತ್ರ ನಿಂತುಬಿಡಬಹುದು.

ಬೇರೆಯದನ್ನು ಕಡೆಯುವುದು ಮೂರನೆಯದು, ಮತ್ತು ವಿಮರ್ಶಕನಿಗೆ ಅತ್ಯಂತ ಫಲಪ್ರದವಾದದ್ದು. ಪಟ ಅಂಗುಲದಲ್ಲಿದೆ ಎಂದು ಮೊದಲೇ ಹೇಳಿದೆವಷ್ಟೆ. ಜಿ 20 ಎಂಬುದು ಅಂಗುಲದ ಆಜ್ಞೆ, ಜಿ 21 ಮಿಲಿಮೀಟರಿನದು. ಅಂಗುಲದ ಸಂಖ್ಯೆಗಳ ತಲೆಯ ಮೇಲೆ ಜಿ 21 ಬಿದ್ದರೆ, ಅಥವಾ ಯಾವುದೂ ಬೀಳದೆ ಯಂತ್ರ ತನ್ನ ಹಿಂದಿನ ಸ್ಥಿತಿಯಲ್ಲೇ ಉಳಿದರೆ, 24 ಅಂಗುಲದ ಕಂಬ 24 ಮಿಲಿಮೀಟರು ಆಗುತ್ತದೆ. ಇಲ್ಲಿ ಎತ್ತರವೂ ದಪ್ಪವೂ ಒಂದೇ ಪ್ರಮಾಣದಲ್ಲಿ, 25.4ರ ಲೆಕ್ಕದಲ್ಲಿ, ಕುಗ್ಗುತ್ತವೆ. ಇದಕ್ಕೆ ಪ್ರತಿಯಾಗಿ ಎತ್ತರ ಸರಿಯಾಗಿ 609.6 ಇದ್ದು ದಪ್ಪ ಮಾತ್ರ 57.15ಕ್ಕೆ ಇಳಿದರೆ ಮಾನದ ದೋಷವೆನ್ನಲಾಗದು. ಲೇತಿನಲ್ಲಿ ಎಕ್ಸ್ ಅಕ್ಷದ ಸಂಖ್ಯೆಯನ್ನು ಸಾಮಾನ್ಯವಾಗಿ ವ್ಯಾಸವೆಂದು ಓದುವ ರೂಢಿ. ಪೋಸ್ಟ್ ತ್ರಿಜ್ಯವನ್ನು ಬರೆದುಕೊಟ್ಟಿದೆ. ಇದರ ವಿಪರ್ಯಯವಾದರೆ ದಪ್ಪ 228.6 ಆಗಿ, ಉಳಿ ಮರವನ್ನು ಮುಟ್ಟದೆ ಬರಿಗಾಳಿಯಲ್ಲಿ ಓಡಾಡುತ್ತದೆ. ಎರಡು ಅಕ್ಷಗಳೂ ಕೆಟ್ಟರೆ ಒಂದು ಕಾರಣ, ಒಂದೇ ಕೆಟ್ಟರೆ ಇನ್ನೊಂದು. ಹಸ್ತಪ್ರತಿಗಳಲ್ಲಿ ದೋಷದ ವ್ಯಾಪ್ತಿಯಿಂದ ದೋಷದ ಮೂಲವನ್ನು ಅರಿಯುವುದೂ ಹೀಗೆಯೇ.

ಹಸ್ತಪ್ರತಿಗಳಲ್ಲಿ ಬಿಂದು ಲೋಪವಾಗಿ ಅರ್ಥ ಕೆಡುವುದನ್ನು ಕನ್ನಡದ ಸಂಪಾದಕರೆಲ್ಲರೂ ಕಂಡಿದ್ದಾರೆ. ಯಂತ್ರಲಿಪಿಯಲ್ಲೂ ಬಿಂದುಲೋಪವುಂಟು. ಕೆಲವು ನಿಯಂತ್ರಕಗಳು ದಶಮಾಂಶ ಬಿಂದುವಿಲ್ಲದ ಸಂಖ್ಯೆಯನ್ನು ತಮ್ಮ ಅತಿ ಸಣ್ಣ ಮಾನದಲ್ಲಿ ಎಣಿಸುತ್ತವೆ. ಆ ಮಾನ ಮಿಲಿಮೀಟರಿನ ಸಾವಿರದ ಒಂದು ಪಾಲಾಗಿದ್ದರೆ, ಬಿಂದುವಿಲ್ಲದ ಎಕ್ಸ್ 114 ಎಂಬುದು 0.114 ಮಿಲಿಮೀಟರು. ಪೂರ್ಣ ಸಂಖ್ಯೆಗಳು ಬರುವೆಡೆ ಮಾತ್ರ ಉಳಿ ಅಡ್ಡಾದಿಡ್ಡಿ ಹಾರಿ, ಉಳಿದೆಡೆ ಸರಿಯಾಗಿ ನಡೆದರೆ, ದೋಷ ಈ ಬಿಂದುವಿನದೆಂದು ಊಹಿಸಬಹುದು.

ಕಡೆದ ಕಂಬದಲ್ಲಿ ಸರಳರೇಖೆಗಿಂತ ಕಂಸಗಳೇ ಹೆಚ್ಚು. ಬಳೆಯೂ ಗಂಟೆಯೂ ಕುಂಭವೂ ಕಂಸಗಳಿಂದಾದವು. ಆದುದರಿಂದ ಈ ವಸ್ತುವಿನಲ್ಲಿ ಕಂಸದ ಆಜ್ಞೆಗಳಾದ ಜಿ 2, ಜಿ 3 ಇವುಗಳ ಶುದ್ಧಿ ಮುಖ್ಯ. ಕಂಸದ ಕೇಂದ್ರವನ್ನು ಅದರ ಆರಂಭಬಿಂದುವಿನಿಂದ ಅಳೆದು ಬರೆಯುವುದೊಂದು ಪದ್ಧತಿ, ಮೂಲಬಿಂದುವಿನಿಂದ ಅಳೆದು ಬರೆಯುವುದು ಇನ್ನೊಂದು. ಪೋಸ್ಟ್ ಒಂದರಲ್ಲಿ ಬರೆದು ನಿಯಂತ್ರಕ ಇನ್ನೊಂದರಲ್ಲಿ ಓದಿದರೆ, ಕಂಸದ ಆದಿ ಅಂತ್ಯಗಳ ತ್ರಿಜ್ಯ ಹೊಂದದೆ ಯಂತ್ರ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಕೇಂದ್ರದ ಬದಲು ತ್ರಿಜ್ಯವನ್ನೇ ಬರೆಯುವ ರೀತಿಯಲ್ಲಿ ದಿಕ್ಕು ಅದಲುಬದಲಾದರೆ ಇದಕ್ಕಿಂತ ಕೆಟ್ಟದ್ದು ನಡೆಯುತ್ತದೆ: ಯಂತ್ರ ನಿಲ್ಲುವುದಿಲ್ಲ, ಉಬ್ಬಾಗಬೇಕಾದ ಬಳೆ ತಗ್ಗಾಗಿ ಹೊರಬರುತ್ತದೆ. ನಿಲ್ಲುವ ಯಂತ್ರಕ್ಕಿಂತ ನಿಲ್ಲದೆ ತಪ್ಪುವ ಯಂತ್ರ ಹೆಚ್ಚು ಅಪಾಯಕರ.

ಅಪಾಯವೆಂಬ ಮಾತನ್ನು ಇಲ್ಲಿ ಅಕ್ಷರಶಃ ತಿಳಿಯಬೇಕು. ಜಿ 96 ಎಂಬ ಆಜ್ಞೆ, ವ್ಯಾಸ ಕಡಿಮೆಯಾದಂತೆಲ್ಲ ವಸ್ತುವಿನ ಸುತ್ತುವ ವೇಗವನ್ನು ಏರಿಸುತ್ತದೆ. ವೇಗಕ್ಕೆ ಮೇಲಿನ ಮಿತಿಯನ್ನು ಹೇಳುವ ಸಾಲು, ಅನೇಕ ಲೇತುಗಳಲ್ಲಿ ಜಿ 50, ಪೋಸ್ಟಿನಲ್ಲಿ ಲೋಪವಾಗಿದ್ದರೆ, ಭಾರವಾದ ದಿಮ್ಮಿ ಹಿಡಿತದಿಂದ ಕಳಚಿ ಹಾರುವ ಸಂಭವವುಂಟು. ಒಂದು ಸಾಲಿನ ಲೋಪಕ್ಕೆ ಯಂತ್ರದ ಮುಂದೆ ನಿಂತವನ ಪ್ರಾಣ ಬೆಲೆಯಾಗಬಹುದು.

5

ಇಂಥ ದೋಷಗಳಿಗೆ ರೂಢಿಯಲ್ಲಿರುವ ಪರಿಹಾರ ಒಂದೇ: ಹೊರಬಂದ ಕಡತವನ್ನು ತೆರೆದು, ತಪ್ಪಿದ ಸಾಲನ್ನು ಕೈಯಿಂದ ತಿದ್ದಿ, ಯಂತ್ರಕ್ಕೆ ಉಣಿಸುವುದು. ತುರ್ತಿನ ಹೊತ್ತಿನಲ್ಲಿ ಇದು ನ್ಯಾಯವೇ. ಅನುಭವಿಯಾದ ಯಂತ್ರಚಾಲಕ ಸಾಲನ್ನು ಕಂಡೊಡನೆ ದೋಷವನ್ನು ಗುರುತಿಸುವ ಜಾಣ್ಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಿಧಾನವಾಗಿ ಇದನ್ನು ಒಪ್ಪುವುದು ಕಷ್ಟ. ಮೊದಲನೆಯದಾಗಿ, ದೋಷವಿರುವುದು ಲಿಪಿಕಾರನ ನಿಯಮದಲ್ಲಿ, ತಿದ್ದಿದ್ದು ಪ್ರತಿಯಲ್ಲಿ. ನಾಳೆ ಹೊರರೇಖೆಯನ್ನು ಕೂದಲೆಳೆಯಷ್ಟು ಬದಲಿಸಿ ಮತ್ತೆ ಹೊರತೆಗೆದರೆ ಅದೇ ದೋಷ ಮರಳಿ ಬರುತ್ತದೆ, ಮತ್ತು ಈ ಸಲ ತಿದ್ದುವ ಕೈ ಹತ್ತಿರವಿರದೆ ಇರಬಹುದು. ಎರಡನೆಯದಾಗಿ, ತಿದ್ದಿದ ಪ್ರತಿಗೂ ಮಾತೃಕೆಗೂ ಸಂಬಂಧ ಕಡಿದುಹೋಗುತ್ತದೆ. ಗಣಕದಲ್ಲಿರುವ ಕಂಬ ಒಂದು, ಯಂತ್ರದಲ್ಲಿರುವುದು ಇನ್ನೊಂದು. ಸಂಪಾದಕನು ತನ್ನ ಊಹಾಪಾಠವನ್ನು ಕಂಸದೊಳಗಿಟ್ಟು ಅಡಿಟಿಪ್ಪಣಿಯಲ್ಲಿ ಮೂಲವನ್ನು ಕೊಡದೆ ಮೂಲವೆಂಬಂತೆ ಅಚ್ಚು ಹಾಕಿಸಿದರೆ ನಾವು ಅದನ್ನು ಅಪಚಾರವೆನ್ನುತ್ತೇವೆ. ಇದೂ ಅದೇ ಜಾತಿಯದು.

ಸರಿಯಾದ ದಾರಿ ಹೀಗಿರಬೇಕೆಂದು ತೋರುತ್ತದೆ. ಮೊದಲು ಕಡತದ ತಲೆಯ ಸಾಲುಗಳನ್ನು ಓದಿ ಮಾನ, ತಲ, ವ್ಯಾಸತ್ರಿಜ್ಯಗಳ ಸೂಚನೆಯನ್ನು ಖಚಿತಪಡಿಸಿಕೊಳ್ಳಬೇಕು. ಬಳಿಕ ಅತಿ ದಪ್ಪವಾದೆಡೆಯ ಮತ್ತು ಎರಡು ತುದಿಗಳ ಸಂಖ್ಯೆಗಳನ್ನು ಪಟದೊಡನೆ ಹೋಲಿಸಬೇಕು. ಮೂರು ಸಂಖ್ಯೆಗಳ ಈ ಹೋಲಿಕೆ ಮೇಲೆ ಹೇಳಿದ ದೋಷಗಳಲ್ಲಿ ಹಲವನ್ನು ಹೊರಗೆಡಹುತ್ತದೆ. ದೋಷ ಸಿಕ್ಕಿದರೆ ಪೋಸ್ಟಿನ ನಿಯಮವನ್ನು ತಿದ್ದಿ ಕಡತವನ್ನು ಹೊಸದಾಗಿ ಹೊರತೆಗೆಯಬೇಕು. ಅನಂತರ, ವಸ್ತುವನ್ನು ಹಿಡಿಸದೆ, ಒಂದೊಂದೇ ಸಾಲಾಗಿ ಯಂತ್ರವನ್ನು ನಡೆಯಿಸಿ ನೋಡಬೇಕು.

ಇಲ್ಲಿ ಬಹುಜನ ಎಡವುವ ಒಂದು ಸ್ಥಳವಿದೆ. ತಂತ್ರಾಂಶ ತೆರೆಯ ಮೇಲೆ ತೋರಿಸುವ ಕಡೆತದ ಚಿತ್ರ ಸಾಮಾನ್ಯವಾಗಿ ಉಳಿಯ ಹಾದಿಯದು; ಪೋಸ್ಟ್ ಬರೆಯುವುದಕ್ಕೆ ಮುಂಚಿನದು. ಅದನ್ನು ನೋಡಿ ಕಡತ ಶುದ್ಧವೆಂದು ನಂಬುವುದು, ಕವಿಯ ಕರಡನ್ನು ಓದಿ ಶಾಸನ ನಿರ್ದುಷ್ಟವೆಂದು ಸಾರಿದಂತೆ. ಪರೀಕ್ಷಿಸಬೇಕಾದದ್ದು ಹೊರಬಂದ ಕಡತವನ್ನೇ ಮತ್ತೆ ಓದಿ ಚಿತ್ರಿಸುವ ಸಾಧನದಿಂದ. ಪಡಿಯಚ್ಚನ್ನು ತೆಗೆಯಬೇಕಾದದ್ದು ಕಲ್ಲಿನಿಂದ.

6

ಇಷ್ಟೆಲ್ಲ ಶುದ್ಧಿಯ ಬಳಿಕವೂ ಉಳಿಯುವ ಪ್ರಶ್ನೆಯೇ ಇತಿಹಾಸದ ದೃಷ್ಟಿಯಿಂದ ಗಹನವಾದದ್ದು. ನಿರ್ದೋಷವಾಗಿ ಹೊರಬಂದ ಯಂತ್ರಲಿಪಿ ಕಂಬಕ್ಕೆ ನಿಷ್ಠವಾದದ್ದೆಂದು ಹೇಳಬಹುದೇ? ಹೇಳಲಾಗದು. ಕಡೆದ ಆಕಾರಕ್ಕೆ ಒಂದೇ ಹೊರರೇಖೆ ಸಾಕು. ಅದನ್ನು ಅಕ್ಷದ ಸುತ್ತ ತಿರುಗಿಸಿದರೆ ಕಂಬವಾಗುತ್ತದೆ. ಈ ಸೌಲಭ್ಯವೇ ಬಲೆಯೂ ಆಗಿದೆ. ಈ ಗುಡಿಗಳ ಕಂಬಗಳಲ್ಲಿ ಪೀಠವೂ ಫಲಕವೂ ಚೌಕನಾದವು. ಬೋದಿಗೆ ಬೇರೆ ಕಲ್ಲು. ಕಡೆದ ಮೈಮೇಲೆ ಕೆಲವೆಡೆ ಉಳಿಯಿಂದ ಬಿಡಿಸಿದ ಕೆತ್ತನೆಯೂ ಉಂಟು. ಇವಾವುವೂ ಆ ರೇಖೆಯಲ್ಲಿಲ್ಲ. ಒಂದು ಮಗ್ಗುಲು ಸವೆದ ಕಂಬವನ್ನು ಪಟ ಬರೆಯುವವನು ಸಮರೂಪಿಯಾಗಿ ಬರೆದಿದ್ದರೆ ಆ ಸವೆತದ ಸಾಕ್ಷ್ಯ ಅಲ್ಲಿಗೇ ಅಳಿಯಿತು. ಉಳಿಯ ಮೊನೆಗೆ ತನ್ನದೇ ಆದ ದುಂಡುತನವಿದೆ, ಅದು 0.8 ಮಿಲಿಮೀಟರು ತ್ರಿಜ್ಯದ್ದಾದರೆ, ಎರಡು ಬಳೆಗಳ ನಡುವಣ ಅದಕ್ಕಿಂತ ಇಕ್ಕಟ್ಟಾದ ಸಂದಿಗೆ ಅದು ಇಳಿಯಲಾರದು. ತಂತ್ರಾಂಶ ಆ ಸಂದಿಯನ್ನು ಬಿಟ್ಟು ಹಾದಿಯನ್ನು ಲೆಕ್ಕ ಹಾಕುತ್ತದೆ. ಯಾವ ಎಚ್ಚರಿಕೆಯೂ ಇಲ್ಲದೆ ಕಡತ ಹೊರಬರಬಹುದು. ಹಿಂದೆ ಹೇಳಿದ ದೋಷಗಳು ಕೂಗಿ ಹೇಳುತ್ತವೆ, ಇವು ಮೌನವಾಗಿರುತ್ತವೆ.

ಈ ಕಂಬಗಳ ನಯವನ್ನು ಕಂಡು, ಆ ಕಾಲದಲ್ಲೇ ಇಂದಿನಂಥ ಯಂತ್ರಗಳಿದ್ದುವೆಂದು ಹೇಳುವ ಉತ್ಸಾಹ ಈಚೆಗೆ ಹೆಚ್ಚುತ್ತಿದೆ. ಕಲ್ಲಿನ ಮೇಲಣ ವರ್ತುಲದ ಗೆರೆಗಳು ತಿರುಗಣಿಗೆ ಸಾಕ್ಷಿ; ಲಿಪಿಗೆ ಸಾಕ್ಷಿಯಲ್ಲ. ಯಂತ್ರಲಿಪಿಯ ಲಕ್ಷಣವೆಂದರೆ ಆಜ್ಞೆ ಕೈಯಿಂದ ಬೇರೆಯಾಗುವುದು. ರೂವಾರಿ ಕಲ್ಲಿನ ಬಿರುಕನ್ನು ಕಂಡು ಕೈ ತಡೆಯಬಲ್ಲ, ಯಂತ್ರಲಿಪಿಗೆ ಕಣ್ಣಿಲ್ಲ. ಇಲ್ಲದ ಯಂತ್ರವನ್ನು ಕಲ್ಪಿಸುವುದರಿಂದ ಆ ಶಿಲ್ಪಿಗಳ ಗೌರವ ಹೆಚ್ಚುವುದಿಲ್ಲ. ಅವರ ಕೈಗೆ ಸಲ್ಲಬೇಕಾದ ಮನ್ನಣೆ ಯಂತ್ರದ ಪಾಲಾಗುತ್ತದೆ.

7

ಪ್ರತಿಕೃತಿಗಳು ವಸ್ತುಸಂಗ್ರಹಾಲಯದಲ್ಲಿ ಪಾಠೋಪಕರಣವಾಗಿ ನಿಲ್ಲುವ ತನಕ ಚಿಂತೆಯಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಮುರಿದ ಕಂಬದ ಜಾಗದಲ್ಲಿ ಇಂಥದೊಂದು ನಿಂತರೆ, ಐವತ್ತು ವರ್ಷಗಳ ಬಳಿಕ ಅದನ್ನು ಅಳೆಯುವ ವಿದ್ಯಾರ್ಥಿ ಹನ್ನೊಂದನೆಯ ಶತಮಾನದ ಕಂಬವನ್ನೇ ಅಳೆಯುತ್ತಿರುವೆನೆಂದು ನಂಬುತ್ತಾನೆ. ಹೊಸದಾಗಿ ಸೇರಿಸಿದ ಭಾಗ ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು ಎಂದು 1964ರ ವೆನಿಸ್ ಸನ್ನದಿನ 12ನೆಯ ವಿಧಿ ಹೇಳುವುದು ಈ ಭಯದಿಂದಲೇ. ಕೈಯಿಂದ ತಿದ್ದಿ ದಾಖಲೆಯಿಲ್ಲದೆ ಬಿಟ್ಟ ಯಂತ್ರಲಿಪಿ ಆ ಗುರುತನ್ನು ಇಲ್ಲವಾಗಿಸುತ್ತದೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ಯಾವುದೇ ಕಂಬದ ಯಂತ್ರಲಿಪಿಯನ್ನು ಕಾಪಿಡುವಾಗ ನಾಲ್ಕು ವಸ್ತುಗಳನ್ನು ಒಟ್ಟಿಗೆ ಕಾಪಿಡಬೇಕು: ಆಧಾರವಾದ ಪಟ ಮತ್ತು ಅದರ ಮಾನ, ಹೊರರೇಖೆಯ ಕಡತ, ಬಳಸಿದ ಪೋಸ್ಟ್, ಅದರಲ್ಲಿ ಮಾಡಿದ ತಿದ್ದುಪಡಿಗಳೊಡನೆ, ಕೊನೆಯದಾಗಿ ಹೊರಬಂದ ಲಿಪಿ, ಯಾವ ನಿಯಂತ್ರಕಕ್ಕಾಗಿ ಎಂಬ ಉಲ್ಲೇಖದೊಡನೆ. ಯಂತ್ರದ ಬಳಿ ನಿಂತು ಏನನ್ನಾದರೂ ಬದಲಿಸಿದ್ದರೆ ಅದನ್ನೂ ಬದಲಿಸಿದವರನ್ನೂ ನಮೂದಿಸಬೇಕು. ಲಿಪಿಯ ತಲೆಯಲ್ಲಿ ಆವರಣದೊಳಗೆ ಟಿಪ್ಪಣಿ ಬರೆಯಲು ಅನೇಕ ನಿಯಂತ್ರಕಗಳಲ್ಲಿ ಅವಕಾಶವಿದೆ. ಕನ್ನಡವನ್ನು ಓದಲಾರದ ಯಂತ್ರಕ್ಕಾಗಿ ಅದನ್ನು ರೋಮನ್ ಅಕ್ಷರಗಳಲ್ಲೇ ಬರೆದು, ಕನ್ನಡದ ಪಾಠವನ್ನು ಜತೆಗಿನ ದಾಖಲೆಯಲ್ಲಿ ಇರಿಸಬಹುದು.

ಇದು ಹೊಸ ಕಟ್ಟುಪಾಡಲ್ಲ. ಬಳ್ಳಿಗಾವೆಯ ದಾಸೋಜ ಬೇಲೂರಿನಲ್ಲಿ ತನ್ನ ಹೆಸರನ್ನು ಕಂಡರಿಸಿ ಹೋದ. ಬರೆದವನು ಯಾರು, ಕಂಡರಿಸಿದವನು ಯಾರು ಎಂದು ಹೇಳಿ ಮುಗಿಸುವುದು ನಮ್ಮ ಶಾಸನಗಳ ಹಳೆಯ ಸಂಪ್ರದಾಯ. ತಿರುಗಣಿಗೆ ಆಜ್ಞೆ ಬರೆಯುವ ಇಂದಿನ ಲಿಪಿಕಾರರಿಗೂ ಆ ಸಂಪ್ರದಾಯ ಅನ್ವಯಿಸಬೇಕು.